ಅಪ್‌ಡೇಟ್: ನೀರಿಲ್ಲದ ಕಡೆ ಮಿಂಚುಳ್ಳಿ
ನಮ್ಮ ಬಡಾವಣೆಯ ಕರೆಂಟ್ ತಂತಿ ಮೇಲೆ ಕೂರುವ ಮಿಂಚುಳ್ಳಿಯೇ ಹೊಳೆ ಪಕ್ಕದ ಕಾಡಿನಲ್ಲೂ ಕಾಣುವುದಾ ಅಂತ ಕೇಳಿದ್ದೆ. ಅಲ್ಲ, ಎರಡೂ ಬೇರೆ ಬೇರೆ!

ತಂತಿ ಮೇಲಿನದು ಬಿಳಿ ಎದೆಯದ್ದು. ಕಂದು ತಲೆ, ದಪ್ಪ ಕೆಂಪು ಕೊಕ್ಕು, ಸುಮಾರು 28 ಸೆಂ.ಮೀ. ಉದ್ದ. ಅದಕ್ಕೆ ಮೀನೇ ಬೇಕು ಅಂತೇನಿಲ್ಲ. ಮಿಡತೆ, ಹಲ್ಲಿ, ಏನು ಸಿಕ್ಕರೂ ಸರಿ. ನಿನ್ನೆ ಖಾಲಿ ಸೈಟಿನ ಹುಲ್ಲಿಗೆ ಎರಗಿ ಓತಿಕ್ಯಾತ ಹಿಡಿಯಿತು. ಕಾಂಪೌಂಡ್ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಚ್ಚಿ, ಕೊನೆಗೆ ತಲೆ ಕಡೆಯಿಂದ ನುಂಗಿತು. ಪಾಪ ಅನ್ನಿಸಿತು, ಆದರೂ ನೋಡುತ್ತಲೇ ನಿಂತಿದ್ದೆ.

ಹೊಳೆಯದ್ದು ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹೊಟ್ಟೆ ಕಿತ್ತಳೆ ಬಣ್ಣ. ನೀರಿಗೆ ತಾಗುವ ಹಾಗೆ ನೇರವಾಗಿ ಹಾರುತ್ತದೆ. ನನ್ನ ಪ್ರಶ್ನೆಗೆ ಉತ್ತರಿಸುವಾಗ ನೀವು ಹೇಳಿದ ಹಾಗೆ ಅದರ ಹಿಂದೆ ಅಲೆಯದೆ ಸುಮ್ನೆ ಕೂತೆ, ಅದೇ ಕೊಂಬೆಗೆ ವಾಪಸ್ ಬಂತು. ಫೋಟೋ ಮಾತ್ರ ಬರೀ ಮಸುಕು.