ಕಡಲಪಾಚಿಯಿಂದ ಗೋಬರ್ ಗ್ಯಾಸ್: ಅನಿಲ ಕುಗ್ಗಿದ್ದೇಕೆ?

ಪ್ರಶ್ನೆ (ದಾವಣಗೆರೆ): ಕಾರವಾರದಿಂದ ತರಿಸಿದ ಹಸಿರು ಕಡಲಪಾಚಿಯನ್ನು ಸಗಣಿಯೊಂದಿಗೆ ಬೆರೆಸಿ 200 ಲೀಟರ್ ಡ್ರಮ್ಮಿನಲ್ಲಿ ಕೊಳೆಯಿಸುತ್ತಿದ್ದೇನೆ. ಮೊದಲು ಚೆನ್ನಾಗಿ ಬರುತ್ತಿದ್ದ ಅನಿಲ ಈಗ ಕುಗ್ಗಿದ್ದು, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಬಲ್ಲವರು ಕಾರಣ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಅದು ವಿಷಾನಿಲ, ಡ್ರಮ್ಮಿನ ಬಾಯಿಗೆ ಮುಖವಿಡಬೇಡಿ. ಪಾಚಿಯೊಡನೆ ಬರುವ ಸಲ್ಫೇಟನ್ನು (ಗಂಧಕದ ಲವಣ) ಬಳಸಿ ಈ ವಿಷಾನಿಲ ಬಿಡುವ ಬ್ಯಾಕ್ಟೀರಿಯಾಗಳು, ಮೀಥೇನ್ (ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲ) ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಸಲ್ಲಬೇಕಾದ ಆಹಾರವನ್ನೇ ಕಬಳಿಸುತ್ತವೆ. ಉಪ್ಪು ಹೆಚ್ಚಾದರೂ ಮೀಥೇನ್ ಜೀವಿಗಳು ಸೊರಗುತ್ತವೆ. ಪಾಚಿಯನ್ನು ಸಿಹಿನೀರಿನಲ್ಲಿ ತೊಳೆದು, ಸಣ್ಣಗೆ ಕೊಚ್ಚಿ, ಸ್ವಲ್ಪಸ್ವಲ್ಪವಾಗಿ ಹಾಕಿ.

ಉತ್ತರ 2: ಹಸಿರು ಪಾಚಿಯಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಹೆಚ್ಚು, ಅನಿಲ ಕುಗ್ಗಲು ಇದೂ ಕಾರಣವಿರಬಹುದು. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳದ ಸಪ್ಪೆಗೇನು ಬರವೇ? ಇಂಗಾಲ ಹೆಚ್ಚಿರುವ ಅದನ್ನು ಪುಡಿಮಾಡಿ ಬೆರೆಸಿ, ಒಂದು ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲ ಇರುವಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ತೊಳೆಯದೇ ಹಾಕಿದ್ದು ನಿಜ. ಸಪ್ಪೆ ಹಿತ್ತಿಲಲ್ಲೇ ಬಿದ್ದಿದೆ.