ಹುಳುವಿನ ಮಾತ್ರೆ ಪೋಸ್ಟರ್ ಮೇಲೆ ಬ್ಯಾಚ್ ಗುಂಪಿನ ಜಗಳ

ಮಂಜು: (ಫಾರ್ವರ್ಡ್) "ಮನೆಯವರೂ ಸಾಕುನಾಯಿಯೂ 3 ತಿಂಗಳಿಗೊಮ್ಮೆ ಒಂದೇ ದಿನ ಜಂತುಹುಳುವಿನ ಮಾತ್ರೆ ತಗೊಳ್ಳಿ. ಎಲ್ಲ ಹುಳುವೂ ಹೋಗುತ್ತೆ."

ರೇಖಾ: ಇದನ್ನ ಮುಂದೆ ಕಳಿಸಬೇಡ ಕಣೋ. ಪೈರಾಂಟೆಲ್ ಅನ್ನೋ ಔಷಧಿ ದುಂಡುಹುಳುಗೆ, ಕೊಕ್ಕೆಹುಳುಗೆ ಸರಿ. ಲಾಡಿಹುಳುವನ್ನ ಅದು ಮುಟ್ಟಲ್ಲ, ಪ್ರಾಜಿಕ್ವಾಂಟೆಲ್ ಬೇಕು.

ಮಂಜು: ಎರಡೂ ಸೇರಿರೋ ಮಾತ್ರೆ ಇದೆಯಲ್ಲ. ಹುಳದ ಜಾತಿ ವಿವರಿಸ್ತಾ ಕೂತ್ರೆ ಜನ ಓದೋದೇ ಇಲ್ಲ.

ಶಿವು: ಕೊಟ್ಟರೂ ನಿಲ್ಲಲ್ಲ ಮಾರಾಯ. ನಾಯಿಯ ಬಾಲದ ಕೆಳಗೆ ಕೂದಲಿಗೆ ಅಕ್ಕಿಕಾಳಿನಂಥ ತುಂಡು ಅಂಟಿದ್ರೆ, ಹಸಿಯಿದ್ದಾಗ ಮಿಸುಕಾಡ್ತಿದ್ರೆ, ಅದು ಬಹುತೇಕ ಡಿಪಿಲಿಡಿಯಂ ಅನ್ನೋ ಲಾಡಿಹುಳುವಿನ ತುಂಡು. ಅದರ ಮರಿ ಇರೋದು ಚಿಗಟದೊಳಗೆ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗುತ್ತೆ. ಚಿಗಟ ಬಿಟ್ಟು ಬರೀ ಮಾತ್ರೆ ಕೊಟ್ಟರೆ ಕೆಲವೇ ವಾರಕ್ಕೆ ಮತ್ತೆ ತುಂಡು ಬೀಳುತ್ತೆ, ಬೈಗುಳ ಮಾತ್ರೆಗೆ.

ಮಂಜು: 3 ತಿಂಗಳ ಲೆಕ್ಕವಾದ್ರೂ ಸರಿ ತಾನೇ?

ರೇಖಾ: ದೊಡ್ಡ ನಾಯಿಗೆ ಸಾಮಾನ್ಯವಾಗಿ ಸರಿ. ಮರಿಗೆ ತೀರಾ ತಡ. ಟಾಕ್ಸೊಕಾರ ಅನ್ನೋ ದುಂಡುಹುಳು ತಾಯಿ ಹೊಟ್ಟೆಯಲ್ಲೇ ಮರಿಗೆ ದಾಟುತ್ತೆ, ಹಾಲಲ್ಲೂ ಬರುತ್ತೆ. ಹುಟ್ಟಿದ 2 ವಾರಕ್ಕೆ ಶುರು ಮಾಡಿ 8 ವಾರದವರೆಗೆ 2 ವಾರಕ್ಕೊಮ್ಮೆ ಕೊಡಬೇಕು, ತಾಯಿಗೂ ಜೊತೆಗೇ. ಪ್ರತಿ ಸಲ ತೂಗಲೇಬೇಕು, ಹಿಂದಿನ ಡೋಸ್ ಬೆಳೆದ ಮರಿಗೆ ಸಾಲಲ್ಲ. ಇನ್ನು ಕುರಿಯ ಹಸಿ ಲಿವರ್, ಶ್ವಾಸಕೋಶ ತಿನ್ನೋ ನಾಯಿಯಲ್ಲಿ ಎಕಿನೊಕಾಕಸ್ ಅನ್ನೋ ಲಾಡಿಹುಳು ಸುಮಾರು 6 ವಾರಕ್ಕೇ ಮೊಟ್ಟೆ ಬಿಡೋಕೆ ಶುರು ಮಾಡುತ್ತೆ. ಆ ಮೊಟ್ಟೆ ಮನುಷ್ಯರ ಹೊಟ್ಟೆಗೆ ಹೋದ್ರೆ ಲಿವರ್‌ನಲ್ಲಿ ಹೈಡಾಟಿಡ್ ಅನ್ನೋ ನೀರು ತುಂಬಿದ ಗಡ್ಡೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ.

ಪ್ರಭಾ: ಮನುಷ್ಯರ ಕಡೆಯಿಂದ ನನ್ನ ತಕರಾರೂ ಇದೆ. ಮಗು ರಾತ್ರಿ ಗುದ ಕೆರೆದುಕೊಂಡ್ರೆ ನಾಯಿ ಮೇಲೆ ಹೊರಿಸ್ತಾರೆ. ಸೂಜಿಹುಳು ಹರಡೋದು ಮನುಷ್ಯರಿಂದ ಮನುಷ್ಯರಿಗೆ. ಅದಕ್ಕೆ ಮನೆಮಂದಿಗೆಲ್ಲ ಒಂದೇ ದಿನ ಕೊಡೋದು ಸರಿ, ಆದ್ರೆ 2 ವಾರ ಬಿಟ್ಟು ಎರಡನೇ ಡೋಸ್ ಬೇಕು. ಮೊದಲನೇದು ಹುಳ ಕೊಲ್ಲುತ್ತೆ, ಮೊಟ್ಟೆ ಉಳಿಯುತ್ತೆ. ಮತ್ತೆ, "ಮನೆಯವರೆಲ್ಲ" ಅಂದ್ರೆ ಬಸುರಿಯೂ ಸೇರಿದಳು. ಮೊದಲ 3 ತಿಂಗಳಲ್ಲಿ ಆಲ್ಬೆಂಡಜೋಲ್ ಅನ್ನೋ ಹುಳುವಿನ ಮಾತ್ರೆ ಕೊಡಬಾರದು.

ಮಂಜು: ಆ ಸಾಲು ತೆಗೀತೀನಿ. ಬದಲಿಗೆ ಏನು ಬರೀಲಿ?

ಶಿವು: ನಾಯಿಯ ಮಲ ದಿನಾ ಎತ್ತಿ ಅಂತ ಬರಿ. ಟಾಕ್ಸೊಕಾರ ಮೊಟ್ಟೆ ಸೋಂಕು ತರೋ ಹಂತಕ್ಕೆ ಬರಲು ಮಣ್ಣಲ್ಲಿ 2ರಿಂದ 4 ವಾರ ಬೇಕು.

ರೇಖಾ: ಎಕಿನೊಕಾಕಸ್‌ಗೆ ಅಷ್ಟು ಸಾಲಲ್ಲ ಶಿವು, ಅದರ ಮೊಟ್ಟೆ ಹೊರಬಿದ್ದ ಗಳಿಗೆಯಿಂದಲೇ ಸೋಂಕು. ಅಂಗಗಳನ್ನ ಚೆನ್ನಾಗಿ ಬೇಯಿಸದೆ ಹಾಕಬೇಡಿ ಅಂತ ದೊಡ್ಡಕ್ಷರದಲ್ಲಿ ಹಾಕು. ಹಸಿ ಹಾಕೋದು ಬಿಡದ ಮನೆಗೆ 6 ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್, ನಾಯಿಯ ಕೆಜಿ ತೂಕಕ್ಕೆ 5 ಮಿಗ್ರಾಂ.