ಹಂಪಿ, ಬೇಲೂರು ನೋಡಿಯಾಯ್ತು, ಇನ್ನು ನಮ್ಮೂರು ನೋಡೋದು ಹೇಗೆ?

ಕೇಳಿದವರು: ಮದ್ದೂರು ಕಡೆಯವರು, ಈಗ ಬೆಂಗಳೂರು

ಹಂಪಿ, ಬೇಲೂರು, ಬಾದಾಮಿ ಎಲ್ಲ ಒಂದೊಂದು ಸಲ ಆಯಿತು. ಗೈಡ್ ಹೇಳಿದ್ದು ಕೇಳಿದೆವು, ಫೋಟೊ ತೆಗೆದೆವು, ಬಂದೆವು. ಮೊನ್ನೆ ಆರನೇ ಕ್ಲಾಸಿನ ಮಗಳು, "ಅಪ್ಪಾ, ನಮ್ಮೂರಲ್ಲಿ ಹಳೇದು ಏನೂ ಇಲ್ವಾ?" ಅಂತ ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ಕರ್ನಾಟಕದ ಚರಿತ್ರೆ, ಜನ ಹೋಗದ ಜಾಗ, ವಿಚಿತ್ರ ಸಂಗತಿಗಳನ್ನು ಹುಡುಕಿಕೊಂಡು ತಿರುಗುವವರು ಇಲ್ಲಿದ್ದೀರಿ. ಎಲ್ಲಿಂದ ಶುರು ಮಾಡಲಿ? ನನಗೆ ಭಾನುವಾರ ಮಾತ್ರ ಬಿಡುವು. ಕಾರಿಲ್ಲ.

ತುಮಕೂರಿನಿಂದ, ನಿವೃತ್ತ ಮೇಷ್ಟ್ರು

ನಿಮ್ಮ ಮದ್ದೂರಿನಲ್ಲಿ ಏನೂ ಇಲ್ಲ ಅಂದವರು ಯಾರು ಸ್ವಾಮಿ? ನಾಯಿಗೆ ಕಲ್ಲು ನಿಲ್ಲಿಸಿದ ಊರು ನಿಮ್ಮ ತಾಲ್ಲೂಕಿನಲ್ಲೇ ಇದೆ, ಆತಕೂರು.

ಕ್ರಿ.ಶ. 949ರ ಸುಮಾರಿಗೆ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಕಾಳಗ ಆಯಿತು. ಗಂಗರ ಇಮ್ಮಡಿ ಬೂತುಗ ಕೃಷ್ಣನ ಕಡೆ. ಚೋಳರ ರಾಜಾದಿತ್ಯ ಅಲ್ಲೇ ಸತ್ತ. ಆ ಕಾಳಗದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಹೊಡೆದಾಡಿದ್ದ. ರಾಜ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಒಂದು ದಿನ ಅದನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಚ್ಚಾಡಿ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟರು. ಪೂಜಾರಿ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೇ ಎಂದು ಕೆತ್ತಿಸಿದರು. ತಕ್ಕೋಲದ ಯುದ್ಧದ ಸುದ್ದಿ ನಮಗೆ ಸಿಗುವುದು ಈ ನಾಯಿಯ ಕಲ್ಲಿನಿಂದಲೂ ಹೌದು. ಯುದ್ಧ ಮರೆತರೂ ಮಕ್ಕಳು ಕಾಳಿಯನ್ನು ಮರೆಯುವುದಿಲ್ಲ, ನಲವತ್ತು ಮಕ್ಕಳ ಕ್ಲಾಸಿನಲ್ಲಿ ಹೇಳಿ ನೋಡಿದ್ದೇನೆ.

ಆ ಕಲ್ಲು ಈಗ ಊರಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನದು, ನಿಮಗೆ ಸಿಟಿ ಬಸ್ಸಿನ ದೂರ. ಸೋಮವಾರ ರಜೆ. ದುರಸ್ತಿ ಅಂತ ಬಾಗಿಲು ಹಾಕಿರುವುದೂ ಉಂಟು, ವಿಚಾರಿಸಿಕೊಂಡು ಹೋಗಿ. ನಾಯಿ, ಹಂದಿ ಕಾದಾಡುವ ಕೆತ್ತನೆಯನ್ನು ಮಗಳೇ ಹುಡುಕಲಿ, ನೀವು ತೋರಿಸಬೇಡಿ. ಮುಂದಿನ ಭಾನುವಾರ ಮೈಸೂರು ರೈಲು ಹತ್ತಿ ಮದ್ದೂರಿನಲ್ಲಿ ಇಳಿಯಿರಿ. ವಡೆ ತಿಂದು ಆತಕೂರಿಗೆ ಹೋಗಿ. ನನ್ನ ಲೆಕ್ಕದಲ್ಲಿ ಮೊದಲು ಕಲ್ಲು, ಆಮೇಲೆ ಊರು. ತಿರುಗಾಮುರುಗಾ ಮಾಡಿದರೆ ಖಾಲಿ ಜಾಗ ನೋಡಿ ಮಕ್ಕಳಿಗೆ ಬೇಜಾರಾಗುತ್ತದೆ.

ಇನ್ನೊಂದು ವಿಷಯ. ನಮ್ಮ ನಾಡಿನ ಶಾಸನಗಳನ್ನೆಲ್ಲ ಒಟ್ಟುಮಾಡಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲನೆಯದು 1886ರಲ್ಲಿ ಬಂದ ಕೊಡಗಿನ ಸಂಪುಟ. ಎಲ್ಲ ಸೇರಿ ಸುಮಾರು 9,000 ಶಾಸನ. ಕನ್ನಡ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ತಾಲ್ಲೂಕುವಾರು ನಂಬರ್ ಹಾಕಿದ್ದಾರೆ, ಊರಿನ ಹೆಸರು ಹಿಡಿದು ಹುಡುಕಬಹುದು. ಆದರೆ ಮಂಡ್ಯ ಅಂತ ಜಿಲ್ಲೆಯ ಸಂಪುಟ ಹುಡುಕಬೇಡಿ, ಸಿಗುವುದಿಲ್ಲ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ. ನಿಮ್ಮ ಊರುಗಳೆಲ್ಲ ಮೈಸೂರು ಜಿಲ್ಲೆಯ ಸಂಪುಟದಲ್ಲಿವೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ಕಳೆದೆ.

ಚನ್ನರಾಯಪಟ್ಟಣದಿಂದ, ಬೈಕಿನಲ್ಲಿ ಅಲೆಯುವವನು

ಮೇಷ್ಟ್ರು ಹೇಳಿದ್ದು ಸರಿ. ಆದರೆ ಪುಸ್ತಕ ಹಿಡಿದು ಸೀದಾ ಊರಿಗೆ ನುಗ್ಗಬೇಡಿ ಅಣ್ಣಾ. ನನಗಾದದ್ದು ಕೇಳಿ.

ಒಂದು ಕೆರೆ ಏರಿಯ ಹಿಂದೆ ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತವನಿಗೆ ನಿಲ್ಲಿಸಿದ ಕಲ್ಲು, ಇದೆ ಅಂತ ಗೊತ್ತಾಯಿತು. ಸಂಜೆ ಆರು ಗಂಟೆಗೆ ಹೋದೆ. ಅಕ್ಷರ ಸವೆದ ಕಲ್ಲಿಗೆ ಓರೆಯಾಗಿ ಬೆಳಕು ಬಿಟ್ಟರೆ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಕತ್ತಲಾಗಲಿ ಅಂತ ಕಾದೆ. ಬ್ಯಾಗ್, ಟಾರ್ಚ್, ಮಣ್ಣು ಬಿಡಿಸಲು ಒಂದು ಬ್ರಷ್. ನೋಡಿದವರಿಗೆ ಹೇಗೆ ಕಾಣಬೇಕು ಹೇಳಿ? ಹತ್ತು ಜನ ಸುತ್ತುವರಿದರು. "ನಿಧಿ ತೆಗೆಯೋಕೆ ಬಂದಿದ್ದೀಯಾ?" ಬೈಕಿನ ಕೀ ಕಿತ್ತುಕೊಂಡರು. ಅವರದ್ದೂ ತಪ್ಪಿಲ್ಲ, ಹಿಂದಿನ ವರ್ಷ ಯಾರೋ ಬಂದು ಗುಡಿಯೊಳಗೆ ಗುಂಡಿ ತೋಡಿ ಹೋಗಿದ್ದರಂತೆ. ಕೊನೆಗೆ ಒಬ್ಬ ಅಜ್ಜ ಬಂದರು. ಮೊಬೈಲಿನಲ್ಲಿದ್ದ ಆ ಶಾಸನದ ಪಾಠವನ್ನು ಅವರಿಗೆ ಓದಿ ಹೇಳಿದೆ. ಅದರಲ್ಲಿ ಅವರ ಊರಿನ ಹಳೆಯ ಹೆಸರು ಇತ್ತು. ಮುಖವೇ ಬದಲಾಯಿತು. ರಾತ್ರಿ ಊಟ ಅವರ ಮನೆಯಲ್ಲೇ.

ಅಂದಿನಿಂದ ಬೆಳಿಗ್ಗೆಯೇ ಹೋಗುತ್ತೇನೆ. ಮೊದಲು ಟೀ ಅಂಗಡಿ, ಆಮೇಲೆ ಕಲ್ಲು. ಏನು ನೋಡಲು ಬಂದೆ ಅಂತ ಹೇಳಿಕೊಂಡೇ ಟೀ ಕುಡಿಯುವುದು. ಬೆಳಗಿನ ಎಳೆ ಬಿಸಿಲೂ ಓರೆಯಾಗಿಯೇ ಬೀಳುತ್ತದೆ, ಟಾರ್ಚ್ ಬೇಕಿಲ್ಲ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಎಣ್ಣೆ ಮಾತ್ರ ಹಚ್ಚಬೇಡಿ. "ಇಲ್ಲಿ ಶಾಸನ ಇದೆಯಾ?" ಅಂತಲೂ ಕೇಳಬೇಡಿ, ಇಲ್ಲ ಅಂತಾರೆ. "ಅಕ್ಷರ ಇರೋ ಕಲ್ಲು ಎಲ್ಲಾದರೂ ಇದೆಯಾ? ವೀರರ ಗುಡಿ? ಮಾಸ್ತಮ್ಮ?" ಅಂತ ಕೇಳಿ. ಆಗ ಸಣ್ಣ ಹುಡುಗರೂ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಜಾಸ್ತಿ ಸಿಗುವುದು ಕೆರೆ ತೂಬಿನ ಹತ್ತಿರ, ಹಾಳುಗುಡಿ ಮುಂದೆ, ಊರಬಾಗಿಲಲ್ಲಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಮಗಳಿಗೆ ಇದೊಂದು ಹೇಳಿಕೊಡಿ. ಕೆಳಗೆ ಕಾಳಗ. ಅಲ್ಲಿ ದನ ಇದ್ದರೆ ತುರು, ಅಂದರೆ ಶತ್ರುಗಳು ಹೊಡೆದುಕೊಂಡು ಹೋದ ದನ, ಬಿಡಿಸಲು ಹೋಗಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗ, ತುದಿಗೆ ಸೂರ್ಯ ಚಂದ್ರ. ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಸತ್ತವಳದು. ಅದನ್ನು ಮಗುವಿಗೆ ಹೇಗೆ ಹೇಳುವುದು ಅಂತ ನೀವೇ ಯೋಚಿಸಿ. ನನ್ನ ಅಕ್ಕನ ಮಗಳು ಕೇಳಿದಾಗ ನನಗೆ ಬಾಯಿ ಬರಲಿಲ್ಲ.

ಶಿಕಾರಿಪುರದವಳು

ನಮ್ಮ ಕಡೆಗೂ ಬನ್ನಿ. ಒಂದು ಭಾನುವಾರಕ್ಕೆ ಆಗುವುದಿಲ್ಲ, ದಸರಾ ರಜೆಗೆ ಇಟ್ಟುಕೊಳ್ಳಿ. ತಾಳಗುಂದ, ಬಳ್ಳಿಗಾವಿ, ಉಡುತಡಿ ಎಲ್ಲ ನಮ್ಮ ತಾಲ್ಲೂಕಿನಲ್ಲೇ ಇವೆ. ಅಕ್ಕಮಹಾದೇವಿಯ ಊರು ಉಡುತಡಿ. ಅಲ್ಲಮಪ್ರಭುವಿನ ಹೆಸರು ಬಳ್ಳಿಗಾವಿಗೆ ಅಂಟಿಕೊಂಡಿದೆ.

ಕನ್ನಡದ ಮೊದಲ ಶಾಸನ ಯಾವುದು ಅಂದರೆ ಎಲ್ಲರೂ ಹಲ್ಮಿಡಿ ಅಂತಾರೆ, ಸುಮಾರು ಕ್ರಿ.ಶ. 450ರದ್ದು. ತಾಳಗುಂದದ ಪ್ರಣವೇಶ್ವರ ಗುಡಿಯ ಹತ್ತಿರ ಅಗೆದಾಗ ಸಿಂಹಕಟಾಂಜನದ (ಸಿಂಹದ ಕೆತ್ತನೆ ಇರುವ ಕಲ್ಲಿನ ಕಟಕಟೆ) ಮೇಲೆ ಕನ್ನಡ ಇರುವ ಬರಹ ಸಿಕ್ಕಿತು. ಅದನ್ನು ಪುರಾತತ್ವ ಇಲಾಖೆಯವರು ಕ್ರಿ.ಶ. 370ರದ್ದು ಎಂದರು. ನಮ್ಮೂರಿನ ಅಭಿಮಾನ ಇದ್ದರೂ ಹೇಳುತ್ತೇನೆ, ಯಾವುದು ಮೊದಲು ಅನ್ನುವ ಜಗಳ ನನಗೆ ಅಷ್ಟು ರುಚಿಸುವುದಿಲ್ಲ. ಅಲ್ಲೇ ನಿಂತಿರುವ ಕಂಬದ ಶಾಸನ ನೋಡಿ. ಸಂಸ್ಕೃತದ್ದು, ಬರೆದ ಕವಿ ಕುಬ್ಜ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಯವನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು ಎಲ್ಲ ಅದರಲ್ಲಿದೆ. ಕದಂಬ ರಾಜ್ಯ ಹುಟ್ಟಿದ್ದೇ ಆ ಜಗಳದಿಂದ. ನಾನು ಹೈಸ್ಕೂಲಿಗೆ ಹೋಗುವಾಗ ದಿನಾ ಆ ದಾರಿಯಲ್ಲೇ ಬಸ್ಸಿಗೆ ಕಾಯುತ್ತಿದ್ದೆ. ಒಂದು ದಿನವೂ ಒಳಗೆ ಹೋಗಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ನೋಡಿದ್ದು!

ಗಂಗಾವತಿಯಿಂದ

ಶಾಸನ ಓದೋದು ಎಲ್ಲರಿಗೂ ಹಿಡಿಸೋದಿಲ್ಲ ರೀ. ಹುಡುಗಿಗೆ ಗುಡ್ಡ ಹತ್ತೋ ಹುಮ್ಮಸ್ಸು ಇದ್ದರೆ ಹಿರೇಬೆಣಕಲ್‌ಗೆ ಕರಕೊಂಡು ಬನ್ನಿ. ಹಂಪಿಗೆ ಬಂದವರು ಇಲ್ಲಿಗೆ ಬರದೆ ಹೋಗ್ತಾರೆ ಅನ್ನೋದೇ ನನ್ನ ಸಂಕಟ. ಗುಡ್ಡದ ಮೇಲೆ ಬಂಡೆ ಚಪ್ಪಡಿಯ ನೂರಾರು ಮನೆಗಳಿವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು, ಸತ್ತವರಿಗೆ ಕಟ್ಟಿದ್ದು. ಕೆಲವದಕ್ಕೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ನಮ್ಮ ಜನ ಮೋರೇರ ಮನೆ ಅಂತಾರೆ. ಮೋರೇರು ಗಿಡ್ಡ ಜನ, ಅವರು ವಾಸ ಮಾಡಿದ್ದ ಮನೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಒಂದು ನಗಾರಿ ಗುಂಡೂ ಇದೆ, ಬಡಿದರೆ ದನಿ ಬರುತ್ತದೆ. ಹಾಗಂತ ಬರೋರೆಲ್ಲ ಬಡಿದರೆ ಏನಾದೀತು, ನೋಡಿಕೊಂಡು ಬನ್ನಿ ಸಾಕು. ಊರಿನ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ, ದಾರಿ ತಪ್ಪುತ್ತದೆ. ನೀರು ಎರಡು ಬಾಟಲಿ ಸಾಲದು. ಮಾರ್ಚ್ ಆದಮೇಲೆ ಬರಲೇಬೇಡಿ, ಬಂಡೆ ಕಾದು ಕೆಂಡ.

ಬೀದರ್‌ನಿಂದ, ಇಂಜಿನಿಯರ್

ಎಲ್ಲರೂ ಕಲ್ಲೇ ಹೇಳುತ್ತಿದ್ದೀರಿ. ನನಗೆ ಕುತೂಹಲ ಇರುವುದು ಹಳಬರು ಕೆಲಸ ಹೇಗೆ ಮಾಡಿದರು ಅನ್ನುವುದರಲ್ಲಿ. ನಮ್ಮ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅಂತಾರೆ. ನೆಲದೊಳಗೆ ಸ್ವಲ್ಪವೇ ಇಳಿಜಾರಾಗಿ ಕಾಲುವೆ ಕೊರೆದು, ಗಾಳಿಗೆ, ಹೂಳು ತೆಗೆಯಲಿಕ್ಕೆ ಅಲ್ಲಲ್ಲಿ ಬಾವಿ ಬಿಟ್ಟಿದ್ದಾರೆ. ಪಂಪಿಲ್ಲ, ಏತ ಇಲ್ಲ, ನೀರು ತಾನಾಗಿ ಹರಿದು ಬರುತ್ತದೆ. ನಿಮಗೆ ಬೀದರ್ ದೂರ ಆದರೆ ಶಿವನಸಮುದ್ರ ಹತ್ತಿರ ಇದೆಯಲ್ಲ. ಜಲಪಾತ ನೋಡಲು ಹೋದಾಗ ಮಗಳಿಗೆ ಇದನ್ನೂ ಹೇಳಿ. 1902ರಲ್ಲಿ ಅಲ್ಲಿನ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಕಾಳಿಯ ಕಥೆ ಮಗಳಿಗೆ ಹೇಳಿದೆ. ಅವಳ ಮೊದಲ ಪ್ರಶ್ನೆ, "ಹಂದಿಗೆ ಯಾಕೆ ಕಲ್ಲು ಹಾಕಿಸಲಿಲ್ಲ?" ನೀವೇ ಉತ್ತರ ಕೊಡಬೇಕು.

ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಚನ್ನರಾಯಪಟ್ಟಣದವರು ಹೇಳಿದ ಹಾಗೆ ಕೇಳಿದೆ, ಅಕ್ಷರ ಇರೋ ಕಲ್ಲು ಎಲ್ಲಾದರೂ ನೋಡಿದ್ದೀಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲುವೆ ಹತ್ರ ಬಟ್ಟೆ ಒಗೆಯೋ ಕಲ್ಲಿನ ಅಡಿಗಡೆ ಏನೋ ಕೊರೆದಿದ್ದಾರೆ ಕಣೋ, ನಾನು ಮದುವೆಯಾಗಿ ಬಂದಾಗಿಂದ ಹಂಗೇ ಐತೆ" ಅಂದರು. ಭಾನುವಾರ ಮಗಳ ಜೊತೆ ಹೋಗುತ್ತಿದ್ದೇನೆ. ಮೊದಲು ಟೀ ಅಂಗಡಿಗೆ.